ಆನೆಗೊಂದಿಯ ಹರಿಗೋಲು: ಬಯಲುನಾಡಿನ ಕುಟುಂಬಗಳ ಜಲಯಾನ

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ದಡದಲ್ಲಿ ತನ್ನ ದೇಶದಲ್ಲಿಲ್ಲದ ಒಂದು ದೋಣಿಯನ್ನು ಕಂಡ. ಅದು ಬುಟ್ಟಿಯ ಹಾಗೆ ದುಂಡಗಿತ್ತು. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. 15ರಿಂದ 20 ಜನರನ್ನು ಹೊರುತ್ತಿತ್ತು. ಅಗತ್ಯಬಿದ್ದರೆ ಕುದುರೆ, ಎತ್ತುಗಳನ್ನೂ ಅದರಲ್ಲೇ ಸಾಗಿಸುತ್ತಿದ್ದರು. ಆದರೆ ಬಹುಪಾಲು ಜಾನುವಾರುಗಳು ಈಜಿಯೇ ಹೊಳೆ ದಾಟುತ್ತಿದ್ದವು. ಹುಟ್ಟು ಹಾಕುವಾಗ ಅದು ನೇರವಾಗಿ ಸಾಗದೆ ತಿರುಗುತ್ತಲೇ ಇರುತ್ತದೆಂದೂ, ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲವೆಂದೂ ಅವನು ಬರೆದಿಟ್ಟ. ಹರಿಗೋಲು ಎಂಬ ಆ ದೋಣಿ ಜನರನ್ನು ಒಯ್ಯುತ್ತಿದ್ದುದು ಆಚೆ ದಡದ ಆನೆಗೊಂದಿಗೆ.

ಪಾಯೆಸ್‌ನ ಬರಹ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಸ್ತಪ್ರತಿಯಾಗಿಯೇ ಉಳಿಯಿತು. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದ ಅದನ್ನು ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್‌ನಿಂದ ಪ್ರಕಟಿಸಿದ. ರಾಬರ್ಟ್ ಸೀವೆಲ್ 1900ರಲ್ಲಿ ತನ್ನ ವಿಜಯನಗರ ಚರಿತ್ರೆಯೊಳಗೆ ಅದನ್ನು ಇಂಗ್ಲಿಷಿಗೆ ತಂದ. ಆ ಹೊತ್ತಿಗೆ ರಾಜಧಾನಿ ಹಾಳಾಗಿ ಮೂರು ಶತಮಾನಗಳೇ ಕಳೆದಿದ್ದವು. ದೋಣಿ ಮಾತ್ರ ಅದೇ ಘಟ್ಟದಲ್ಲಿ, ಅದೇ ಆಕಾರದಲ್ಲಿ ಜನರನ್ನು ದಾಟಿಸುತ್ತಿತ್ತು.

ಇಂದು ಕೊಪ್ಪಳ, ಗಂಗಾವತಿಯ ಕುಟುಂಬಗಳು ಮಕ್ಕಳ ರಜೆಗೆ ಕ್ರೂಸ್ ಹಡಗಿನ ಮಾತಾಡುವುದು ಅಪರೂಪವೇನಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ಹಡಗು ಮುಂಬೈಯಿಂದ ಸಂಚಾರ ಶುರುಮಾಡಿದ ಮೇಲೆ ಗೋವಾ, ಲಕ್ಷದ್ವೀಪದ ಕಡೆಗೆ ಸಮುದ್ರದ ಮೇಲೆ ಹೋಗಿಬರುವುದು ಮಧ್ಯಮ ವರ್ಗದ ಲೆಕ್ಕಾಚಾರದೊಳಗೆ ಬಂದಿತು. ಹೊರಡುವ ಮುಂಚೆ ಮನೆಯವರು ಕೇಳುವ ಪ್ರಶ್ನೆಗಳು ಎಲ್ಲೆಡೆ ಒಂದೇ: ಹಡಗು ಯಾವಾಗ ಬಿಡುತ್ತದೆ? ಎಲ್ಲಿ ಕೂರುವುದು, ಎಲ್ಲಿ ಮಲಗುವುದು? ಊಟಕ್ಕೇನು? ವಯಸ್ಸಾದವರಿಗೆ ತಲೆ ಸುತ್ತಿದರೆ? ಮಕ್ಕಳು ನೀರಿಗೆ ಬಿದ್ದರೆ? ಸಮುದ್ರವನ್ನೇ ಕಾಣದ ಈ ಸೀಮೆಯ ಹಿರಿಯರು ಇವೇ ಪ್ರಶ್ನೆಗಳನ್ನು ತಲೆಮಾರುಗಳ ಕಾಲ ತುಂಗಭದ್ರೆಯ ಘಟ್ಟದಲ್ಲಿ ಕೇಳಿದ್ದಾರೆ. ಅವರಿಗೆ ಉತ್ತರ ಕೊಡುತ್ತಿದ್ದವನು ಅಂಬಿಗ. ಬಯಲುಸೀಮೆಯ ಜಲಯಾನಕ್ಕೂ ಒಂದು ಇತಿಹಾಸವಿದೆ. ಅದನ್ನು ಹಡಗಿನ ಇತಿಹಾಸದಷ್ಟೇ ಗಂಭೀರವಾಗಿ ಓದಬೇಕು.

ಒಂದೇ ಹೊಳೆಯ ಜಿಲ್ಲೆ

ರಾಯಚೂರಿನಿಂದ ಬೇರ್ಪಟ್ಟು 1997ರ ಆಗಸ್ಟ್ 24ರಂದು ಹುಟ್ಟಿದ ಕೊಪ್ಪಳ ಜಿಲ್ಲೆಗೆ ಮೊದಲಿಗೆ ನಾಲ್ಕು ತಾಲ್ಲೂಕುಗಳಿದ್ದವು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಇವುಗಳಲ್ಲಿ ತುಂಗಭದ್ರೆಯ ದಡ ಸಿಕ್ಕಿದ್ದು ಕೊಪ್ಪಳ ಮತ್ತು ಗಂಗಾವತಿಗೆ. ಕುಷ್ಟಗಿ, ಯಲಬುರ್ಗಾದ ನೆಲ ಮಳೆಯನ್ನು ನೆಚ್ಚಿದ್ದು. ಸಜ್ಜೆ, ಜೋಳ, ಶೇಂಗಾ, ತೊಗರಿಯ ಹೊಲಗಳು. ಅಲ್ಲಿನ ಹಳ್ಳಗಳು ಮಳೆಗಾಲದಲ್ಲಿ ತುಂಬಿ ಹರಿದು ಬೇಸಿಗೆಗೆ ಬತ್ತುತ್ತವೆ. ದೋಣಿ ಹತ್ತಬೇಕೆಂದರೆ ಅಲ್ಲಿಯ ಜನ ಚಕ್ಕಡಿ ಹೂಡಿಕೊಂಡು ದಕ್ಷಿಣಕ್ಕೆ ಬರಬೇಕಿತ್ತು.

ಬರುವುದಕ್ಕೆ ಕಾರಣಗಳಿಗೇನೂ ಕೊರತೆಯಿರಲಿಲ್ಲ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನ, ಚೈತ್ರದಲ್ಲಿ ಹಂಪಿಯ ವಿರೂಪಾಕ್ಷನ ತೇರು, ಹನುಮ ಹುಟ್ಟಿದನೆಂದು ಜನ ನಂಬುವ ಅಂಜನಾದ್ರಿ, ಪಂಪಾಸರೋವರ, ಆನೆಗೊಂದಿಯ ರಂಗನಾಥ. ಹುಲಿಗಿ ಎಡದಂಡೆಯಲ್ಲೇ ಇದ್ದುದರಿಂದ ಅಲ್ಲಿ ಹೊಳೆಯಲ್ಲಿ ಮಿಂದು ದೇವಿಗೆ ಹೋದರೆ ಸಾಕು. ಹಂಪಿಗೆ ಹೋಗಬೇಕಾದರೆ ಮಾತ್ರ ಹೊಳೆ ದಾಟಲೇಬೇಕು. ಆನೆಗೊಂದಿಯಿಂದ ತಳವಾರಘಟ್ಟಕ್ಕೆ, ವಿರೂಪಾಪುರಗಡ್ಡೆಯಿಂದ ವಿರೂಪಾಕ್ಷ ಗುಡಿಯ ಮುಂದಿನ ದಡಕ್ಕೆ ಇದ್ದ ಎರಡು ದಾರಿಗಳೇ ಈ ಸೀಮೆಯ ಬಹಳಷ್ಟು ಜನಕ್ಕೆ ಜೀವನದ ಮೊದಲ ಜಲಯಾನ.

ಆನೆಗೊಂದಿಯ ಪಕ್ಕದ ನಡುಗಡ್ಡೆಯ ಕಥೆಯೂ ಇದರೊಂದಿಗೆ ಸೇರಿದೆ. ನವವೃಂದಾವನದಲ್ಲಿ ಮಾಧ್ವ ಪರಂಪರೆಯ ಒಂಬತ್ತು ಯತಿಗಳ ವೃಂದಾವನಗಳಿವೆ. ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರು, ಕೃಷ್ಣದೇವರಾಯನ ಕಾಲದ ವ್ಯಾಸರಾಯರು ಅವರಲ್ಲಿ ಪ್ರಮುಖರು. ಸುತ್ತಲೂ ನೀರಿರುವ ಈ ಸ್ಥಳಕ್ಕೆ ಆರಾಧನೆಯ ದಿನಗಳಲ್ಲಿ ಹೋಗುವವರು ಇಂದಿಗೂ ದೋಣಿಯನ್ನೇ ನೆಚ್ಚುತ್ತಾರೆ. ಅಡುಗೆ ಪಾತ್ರೆ, ಮಡಿಬಟ್ಟೆ, ಹೂವು-ತುಳಸಿ, ಮುದುಕರು, ಮಕ್ಕಳು ಎಲ್ಲವನ್ನೂ ಅಂಬಿಗರೇ ಹೊತ್ತು ದಾಟಿಸಬೇಕು.

ಹೊಳೆಯಿಂದ ದೂರದ ಊರಿನವರಿಗೆ ದೋಣಿಯನ್ನು ಕಾಣುವ ಇನ್ನೊಂದು ಸಂದರ್ಭ ಕೊಪ್ಪಳದ ಗವಿಮಠದಲ್ಲಿದೆ. ಜನವರಿಯಲ್ಲಿ ನಡೆಯುವ ಗವಿಸಿದ್ಧೇಶ್ವರ ಜಾತ್ರೆಯ ತೇರಿಗೆ ಮುನ್ನ ಮಠದ ಕೆರೆಯಲ್ಲಿ ತೆಪ್ಪೋತ್ಸವ ಆಗುತ್ತದೆ. ದೀಪಗಳಿಂದ ಸಿಂಗರಿಸಿದ ತೆಪ್ಪ ನೀರಿನ ಮೇಲೆ ಸುತ್ತು ಬರುವುದನ್ನು ನೋಡಲು ಕೆರೆಯ ಸುತ್ತ ಜನ ಕಿಕ್ಕಿರಿದು ನಿಲ್ಲುತ್ತಾರೆ. ಕುಷ್ಟಗಿ, ಯಲಬುರ್ಗಾದ ಎಷ್ಟೋ ಮಕ್ಕಳು ನೀರಿನ ಮೇಲೆ ತೇಲುವ ವಾಹನವನ್ನು ಮೊದಲು ಕಂಡಿದ್ದು ಇಲ್ಲಿಯೇ.

ಬಿದಿರು, ತೊಗಲು, ಡಾಂಬರು

ಹರಿಗೋಲಿನ ಕಟ್ಟುವಿಕೆ ಸರಳವಾಗಿ ಕಂಡರೂ ಅದರ ಹಿಂದೆ ಹೊಳೆಯನ್ನು ಚೆನ್ನಾಗಿ ಬಲ್ಲವರ ತಿಳಿವಳಿಕೆಯಿದೆ. ಬಿದಿರನ್ನು ಸೀಳಿ ದಬ್ಬೆ ಮಾಡಿ ನೆಲದ ಮೇಲೆ ಅಡ್ಡಡ್ಡಲಾಗಿ ಹೆಣೆಯುತ್ತಾರೆ. ನಡುವೆ ಭಾರವಿಟ್ಟು ಅಂಚುಗಳನ್ನು ಮೇಲಕ್ಕೆ ಬಾಗಿಸುತ್ತಾರೆ. ಬಾಯಿಯ ಸುತ್ತ ದಪ್ಪ ಅಂಚು ಕಟ್ಟಿ ಬಿಗಿಮಾಡುತ್ತಾರೆ. ಹಿಂದೆ ಇದಕ್ಕೆ ಎತ್ತು, ಎಮ್ಮೆಯ ಹದಮಾಡಿದ ತೊಗಲು ಹೊದಿಸುತ್ತಿದ್ದರು. ತೊಗಲು ತುಟ್ಟಿಯಾದ ಮೇಲೆ ದಪ್ಪ ಬಟ್ಟೆ ಮತ್ತು ಡಾಂಬರು ಬಂದವು. ಆಮೇಲೆ ಪ್ಲಾಸ್ಟಿಕ್ ಚೀಲ, ತಾಡಪಾಲು. ಈಗ ಫೈಬರಿನಲ್ಲಿ ಅಚ್ಚುಹೊಯ್ದ ಹರಿಗೋಲುಗಳೂ ಇವೆ.

ದುಂಡು ಆಕಾರಕ್ಕೆ ಕಾರಣ ತುಂಗಭದ್ರೆಯ ಪಾತ್ರವೇ. ಹಂಪಿ-ಆನೆಗೊಂದಿಯ ನಡುವೆ ಹೊಳೆ ಹೆಬ್ಬಂಡೆಗಳ ಸಂದಿಯಲ್ಲಿ ಹರಿಯುತ್ತದೆ. ಎಲ್ಲಿ ಆಳ, ಎಲ್ಲಿ ಮೊಳಕಾಲುದ್ದ ನೀರು ಎಂದು ಮೇಲಿನಿಂದ ಗೊತ್ತಾಗುವುದಿಲ್ಲ. ಚೂಪು ಮೂತಿಯ ಮರದ ದೋಣಿ ಬಂಡೆಗೆ ಬಡಿದರೆ ಒಡೆಯುತ್ತದೆ. ಹರಿಗೋಲಿನ ತಳ ಚಪ್ಪಟೆ, ನೀರೊಳಗೆ ಇಳಿಯುವುದು ಬಹಳ ಕಡಿಮೆ. ಬಂಡೆಗೆ ತಾಗಿದರೂ ಬಿದಿರು ಬಾಗಿ, ಗಿರ್ರನೆ ತಿರುಗಿ ಪಕ್ಕಕ್ಕೆ ಸರಿಯುತ್ತದೆ. ಹಗುರವಾದ್ದರಿಂದ ಅಂಬಿಗ ಅದನ್ನು ತಲೆಯ ಮೇಲೆ ಮಗುಚಿ ಹೊತ್ತು ದಡದುದ್ದಕ್ಕೂ ಮೇಲಕ್ಕೆ ನಡೆಯಬಲ್ಲ. ಹರಿವು ದೋಣಿಯನ್ನು ಕೆಳಗೆ ಎಳೆಯುವುದು ಖಚಿತವಾದ್ದರಿಂದ, ಸೇರಬೇಕಾದ ಜಾಗಕ್ಕಿಂತ ಮೇಲಿನಿಂದ ಹೊರಡುವುದು ಈ ಕಸುಬಿನ ಮೊದಲ ಪಾಠ.

ಎರಡನೆಯ ಪಾಠ ಹುಟ್ಟು ಹಾಕುವುದು. ದುಂಡನೆಯ ದೋಣಿಗೆ ಮುಂದು-ಹಿಂದು ಎಂಬುದಿಲ್ಲ. ಒಂದೇ ಕಡೆ ಹುಟ್ಟು ಹಾಕಿದರೆ ಅದು ಇದ್ದಲ್ಲೇ ಸುತ್ತುತ್ತದೆ. ಅಂಬಿಗ ಹೋಗಬೇಕಾದ ದಿಕ್ಕಿನ ಅಂಚಿಗೆ ಕೂತು ನೀರನ್ನು ತನ್ನ ಕಡೆಗೆ ಎಳೆಯುತ್ತಾ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವುತ್ತಾ ಅದನ್ನು ಮುಂದಕ್ಕೆ ಒಯ್ಯುತ್ತಾನೆ. ಪಾಯೆಸ್ ಕಂಡ ಸುತ್ತಾಟ ದೋಣಿಯ ಸ್ವಭಾವ; ಅದನ್ನು ಅಂಕೆಯಲ್ಲಿಡುವುದು ಅಂಬಿಗನ ವಿದ್ಯೆ.

ಈ ವಿದ್ಯೆಗೆ ಜಗತ್ತಿನಲ್ಲಿ ದೂರದ ನೆಂಟರಿದ್ದಾರೆ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಬ್ಯಾಬಿಲೋನಿಗೆ ಸರಕು ತರುತ್ತಿದ್ದ ದುಂಡು ತೊಗಲುದೋಣಿಗಳನ್ನು ವರ್ಣಿಸಿದ್ದಾನೆ. ಅವು ಕತ್ತೆಯನ್ನೂ ಹೊತ್ತು ಹೊಳೆಯಲ್ಲಿ ಇಳಿದು ಬರುತ್ತಿದ್ದವು; ಸರಕು ಮಾರಿದ ಮೇಲೆ ವ್ಯಾಪಾರಿಗಳು ದೋಣಿಯನ್ನು ಬಿಚ್ಚಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರು. ಇರಾಕಿನ ಕುಫ್ಫಾ, ವೇಲ್ಸ್‌ನ ಕೊರಾಕಲ್ ಇದೇ ಬಳಗದವು. ಮೀನುಗಾರಿಕೆಯ ತಜ್ಞ ಜೇಮ್ಸ್ ಹಾರ್ನೆಲ್ 1933ರಲ್ಲಿ ‘ಮ್ಯಾನ್’ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಹರಿಗೋಲುಗಳ ಕುರಿತೇ ಲೇಖನ ಬರೆದು ಇವುಗಳನ್ನು ವಿದ್ವಾಂಸರ ಗಮನಕ್ಕೆ ತಂದ.

ಕನ್ನಡದ ಮಟ್ಟಿಗೆ ಈ ಕಸುಬು ಹೊಳೆದಂಡೆಯಲ್ಲೇ ನಿಲ್ಲದೆ ಸಾಹಿತ್ಯದ ನಡುಮನೆಗೂ ಬಂದಿತು. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ದೋಣಿ ನಡೆಸುವ ಕಾಯಕದವನು. ಅವನ ಹೆಸರು ಹೊತ್ತ ಚೌಡಯ್ಯದಾನಪುರ ಇದೇ ತುಂಗಭದ್ರೆಯ ದಡದಲ್ಲಿ, ಹಾವೇರಿ ಜಿಲ್ಲೆಯಲ್ಲಿದೆ. ಕಾಯಕದ ಹೆಸರನ್ನೇ ತನ್ನ ಅಂಕಿತವಾಗಿ ಇಟ್ಟುಕೊಂಡು ನಿಷ್ಠುರವಾಗಿ ಮಾತಾಡಿದ ಆ ಶರಣನಿಂದ ಹುಟ್ಟು ಹಿಡಿದವರ ಕೆಲಸಕ್ಕೆ ಎಂಟು ಶತಮಾನಗಳ ಗೌರವ ದಕ್ಕಿದೆ.

ದಂಡು ದಾಟಿದ ದಾರಿ, ಗಡಿಯಾದ ಹೊಳೆ

ವಿಜಯನಗರ ಕಾಲದಲ್ಲಿ ಆನೆಗೊಂದಿ ಮತ್ತು ಹಂಪಿ ಒಂದೇ ರಾಜಧಾನಿಯ ಎರಡು ಮೈಗಳು. ನಡುವಿನ ಹೊಳೆ ಕಂದಕದ ಕೆಲಸ ಮಾಡುತ್ತಿತ್ತು. ಆಗಲೂ ಸೇತುವೆ ಕಟ್ಟುವ ಪ್ರಯತ್ನ ನಡೆದಿತ್ತು. ಹಂಪಿಯ ಪುರಂದರದಾಸರ ಮಂಟಪದ ಹತ್ತಿರ ನೀರಿನ ನಡುವೆ ಇಂದಿಗೂ ಸಾಲಾಗಿ ನಿಂತಿರುವ ಕಲ್ಲುಕಂಬಗಳು ಆ ಕಾಲದ ಸೇತುವೆಯ ಅವಶೇಷ. ಮೇಲಿನ ಹಾಸು ಹೋಗಿದೆ, ಕಂಬಗಳು ಮಾತ್ರ ಉಳಿದಿವೆ. ಸೇತುವೆ ಇಲ್ಲವಾದ ಮೇಲೆ ಜನರನ್ನು ದಾಟಿಸುವ ಹೊಣೆಯೆಲ್ಲ ಹರಿಗೋಲಿನ ಪಾಲಿಗೆ ಬಂತು.

ಇಂಥ ದೋಣಿಯ ಬೆಲೆಯನ್ನು ದಂಡಿನವರೂ ಅರಿತಿದ್ದರು. ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ 1803ರ ಮರಾಠಾ ಯುದ್ಧದ ಹೊತ್ತಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣೆಯನ್ನು ದಾಟುವುದಕ್ಕಾಗಿ ತೊಗಲು ಹೊದಿಸಿದ ದುಂಡುದೋಣಿಗಳನ್ನು ಮಾಡಿಸಿದ. ಅವುಗಳನ್ನು ಹೇಗೆ ಕಟ್ಟಬೇಕು, ಎಷ್ಟು ಅಗಲವಿರಬೇಕು ಎಂದು ಅವನು ಬರೆಸಿದ ಸೂಚನೆಗಳು ಅವನ ಪತ್ರಸಂಪುಟಗಳಲ್ಲಿವೆ. ಯುರೋಪಿನ ಯುದ್ಧವಿದ್ಯೆ ಕಲಿತು ಬಂದವನು ಕನ್ನಡ ನಾಡಿನ ಹೊಳೆ ದಾಟಲು ಇಲ್ಲಿಯ ಅಂಬಿಗರ ಜ್ಞಾನವನ್ನೇ ಆಶ್ರಯಿಸಿದ.

ಆಮೇಲೆ ತುಂಗಭದ್ರೆ ಎರಡು ಸರ್ಕಾರಗಳ ನಡುವಿನ ಗಡಿಯಾಯಿತು. ಎಡದಂಡೆಯ ಕೊಪ್ಪಳ, ಗಂಗಾವತಿ ಹೈದರಾಬಾದ್ ನಿಜಾಮರ ಸಂಸ್ಥಾನ; ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಬಲದಂಡೆಯ ಹೊಸಪೇಟೆ, ಕಂಪ್ಲಿ ಬ್ರಿಟಿಷರ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ತಳವಾರಘಟ್ಟದಲ್ಲಿ ಇಳಿದ ಕುಟುಂಬ ಹೊಳೆಯೊಂದಿಗೆ ರಾಜ್ಯವನ್ನೂ ದಾಟುತ್ತಿತ್ತು. ನಿಜಾಮರ ಸೀಮೆಯಲ್ಲಿ ಹಾಲಿ ಸಿಕ್ಕಾ ನಾಣ್ಯ ನಡೆಯುತ್ತಿತ್ತು, ಆಚೆ ಬ್ರಿಟಿಷ್ ರೂಪಾಯಿ. ಸರಕಿಗೆ ಸುಂಕ ವಸೂಲಿ ಮಾಡಲು ಹೈದರಾಬಾದಿಗೆ ತನ್ನದೇ ಕರೋಡಗಿರಿ ಇಲಾಖೆಯಿತ್ತು. ಮಗಳನ್ನು ಆಚೆ ದಡಕ್ಕೆ ಕೊಟ್ಟ ತಾಯಿ ಸೀಮಂತಕ್ಕೆ ಹೋಗುವಾಗ ಬುತ್ತಿಗಂಟಿನ ಜೊತೆಗೆ ಎರಡು ಬಗೆಯ ಹಣದ ಚಿಂತೆಯನ್ನೂ ಹೊರಬೇಕಿತ್ತು. ಕಾಲ ಕೆಟ್ಟಾಗ ಇದೇ ಗಡಿ ಆಸರೆಯೂ ಆಯಿತು. 1947-48ರಲ್ಲಿ ರಜಾಕಾರರ ಹಾವಳಿ ಹೆಚ್ಚಿದಾಗ ಈ ಭಾಗದ ಅನೇಕ ಕುಟುಂಬಗಳು ಗಡಿ ದಾಟಿ ಆಚೆಯ ಊರುಗಳಲ್ಲಿ ತಲೆಮರೆಸಿಕೊಂಡವು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಶರಣಾದ ಮೇಲೆ ಆ ಭಯ ಮುಗಿಯಿತು. ಬಲದಂಡೆಯ ತಾಲ್ಲೂಕುಗಳು 1953ರಲ್ಲಿ ಮೈಸೂರು ರಾಜ್ಯ ಸೇರಿದವು, ಎಡದಂಡೆ 1956ರ ನವೆಂಬರ್ 1ರಂದು ಸೇರಿತು. ಅಂದಿನಿಂದ ಹರಿಗೋಲು ಒಂದೇ ರಾಜ್ಯದ ಎರಡು ದಡಗಳ ನಡುವೆ ಓಡಾಡತೊಡಗಿತು.

ಘಟ್ಟದ ರೀತಿ-ರಿವಾಜು

ಹರಿಗೋಲಿನ ಪ್ರಯಾಣದಿಂದ ಕುಟುಂಬವೊಂದು ಏನನ್ನು ನಿರೀಕ್ಷಿಸಬಹುದಿತ್ತು?

ಮೊದಲನೆಯದು, ಕಾಯುವುದು. ಗಂಟೆಗೆ ಹೊರಡುವ ದೋಣಿ ಅಲ್ಲಿರಲಿಲ್ಲ. ತುಂಬುವಷ್ಟು ಜನ ಕೂಡಬೇಕು, ಇಲ್ಲವೇ ಆಚೆಯಿಂದ ಬರಬೇಕು. ಆಚೆ ದಡದಲ್ಲಿದ್ದ ಅಂಬಿಗನನ್ನು ಕೂಗಿ ಕರೆಯುವುದೇ ರೂಢಿ. ಕತ್ತಲಾದ ಮೇಲೆ ಘಟ್ಟ ತಲುಪಿದವರು ಮಂಟಪದಲ್ಲೋ ಮರದಡಿಯಲ್ಲೋ ರಾತ್ರಿ ಕಳೆದು ಬೆಳಗಿಗಾಗಿ ಕಾಯುತ್ತಿದ್ದರು.

ಎರಡನೆಯದು, ಕೂರುವ ಶಿಸ್ತು. ಹರಿಗೋಲಿನಲ್ಲಿ ಯಾರೂ ನಿಲ್ಲುವಂತಿಲ್ಲ. ಅಂಚಿನ ಸುತ್ತ ಕುಕ್ಕುರುಗಾಲಲ್ಲಿ ಇಲ್ಲವೇ ಚಕ್ಕಳಮಕ್ಕಳ ಹಾಕಿ, ಭಾರ ಎಲ್ಲ ಕಡೆ ಸಮನಾಗುವಂತೆ ಕೂರಬೇಕು. ಯಾರನ್ನು ಎಲ್ಲಿ ಕೂರಿಸಬೇಕೆಂದು ಹೇಳುವ ಅಧಿಕಾರ ಅಂಬಿಗನದು. ದಡದಲ್ಲಿ ಊರಗೌಡನಾದವನೂ ದೋಣಿಯಲ್ಲಿ ಅವನ ಮಾತು ಮೀರುವಂತಿಲ್ಲ. ಮಕ್ಕಳನ್ನು ನಡುವೆ, ಗಂಟು-ಮೂಟೆಗಳನ್ನು ತಳಕ್ಕೆ. ಕಾಲಾಂತರದಲ್ಲಿ ಸೈಕಲ್ಲು, ಆಮೇಲೆ ಮೋಟಾರ್‌ಸೈಕಲ್ಲು ಕೂಡ ಇದೇ ದೋಣಿಯಲ್ಲಿ ದಾಟಿದವು. ಆನೆಗೊಂದಿ ಘಟ್ಟದ ಹರಿಗೋಲಿನಲ್ಲಿ ಜನರ ನಡುವೆ ನಿಂತ ಬೈಕಿನ ಚಿತ್ರಗಳು ಹಂಪಿಗೆ ಬಂದ ಪ್ರವಾಸಿಗರ ಸಂಗ್ರಹಗಳಲ್ಲಿ ಹೇರಳವಾಗಿವೆ.

ಮೂರನೆಯದು, ಬುತ್ತಿ. ಹೊರಡುವ ಹಿಂದಿನ ದಿನವೇ ಸಜ್ಜೆರೊಟ್ಟಿ ಬಡಿದು, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮೊಸರನ್ನ, ಕರ್ಜಿಕಾಯಿ ಕಟ್ಟಿಕೊಳ್ಳುತ್ತಿದ್ದರು. ಊಟ ದಡದಲ್ಲಿ, ನೀರಿನ ಮೇಲಲ್ಲ. ಹೊಳೆಗೆ ಅರಿಶಿನ-ಕುಂಕುಮ, ಹೂವು, ಒಂದು ನಾಣ್ಯ ಅರ್ಪಿಸಿದ ಮೇಲೆಯೇ ಹೆಂಗಸರು ದೋಣಿಗೆ ಕಾಲಿಡುತ್ತಿದ್ದರು. ಮುಪ್ಪಿನವರಿಗೆ ತಲೆ ಸುತ್ತಿದರೆ ಕಣ್ಣು ಮುಚ್ಚಿಕೊಳ್ಳುವುದಕ್ಕಿಂತ ಆಚೆ ದಡದ ಒಂದು ಬಂಡೆಯನ್ನೇ ನೋಡುತ್ತಿರುವುದು ಒಳ್ಳೆಯದು. ಸಮುದ್ರದ ಹಡಗಿನಲ್ಲೂ ದಿಗಂತವನ್ನು ನೋಡಿ ಎಂದು ಇಂದಿಗೂ ಹೇಳುತ್ತಾರೆ. ಕಣ್ಣಿಗೆ ನಿಂತ ವಸ್ತುವೊಂದು ಸಿಕ್ಕರೆ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ.

ನಾಲ್ಕನೆಯದು ಮಳೆಗಾಲದ ಕಟ್ಟುನಿಟ್ಟು. ಹೊಳೆ ಕೆಂಪಗೆ ತಿರುಗಿ ಏರತೊಡಗಿದರೆ ಅಂಬಿಗ ಹರಿಗೋಲನ್ನು ದಡಕ್ಕೆ ಎಳೆದು ಮಗುಚಿ ಹಾಕುತ್ತಿದ್ದ. ಮದುವೆಯಿರಲಿ, ಸಾವಿರಲಿ, ಆಗ ದಾಟುವುದಿಲ್ಲ ಎಂದರೆ ಇಲ್ಲ.

ಹರಿಗೋಲು ಹೀಗೆ ಜನರನ್ನು ದಾಟಿಸುತ್ತಿದ್ದ ಕಾಲದಲ್ಲೇ ದೂರದ ಸಮುದ್ರಗಳಲ್ಲಿ ಬೇರೊಂದು ರೂಢಿ ಬೆಳೆಯುತ್ತಿತ್ತು. 1891ರ ಜನವರಿಯಲ್ಲಿ ಜರ್ಮನಿಯ ‘ಆಗಸ್ಟಾ ವಿಕ್ಟೋರಿಯಾ’ ಹಡಗು 241 ಜನರನ್ನು ಹತ್ತಿಸಿಕೊಂಡು ಮೆಡಿಟರೇನಿಯನ್ ಸುತ್ತಿಬಂತು. ಊರು ಸೇರುವುದಕ್ಕಲ್ಲದೆ ಬರೀ ವಿಹಾರಕ್ಕಾಗಿ ಹೊರಟ ಮೊದಲ ದೊಡ್ಡ ಹಡಗುಗಳಲ್ಲಿ ಅದೊಂದು. ಅಲ್ಲಿಂದ ಬೆಳೆದ ಉದ್ಯಮ 2024ರ ಜನವರಿಯಲ್ಲಿ 365 ಮೀಟರ್ ಉದ್ದದ, 7,600 ಪ್ರಯಾಣಿಕರನ್ನು ಹೊರಬಲ್ಲ ‘ಐಕಾನ್ ಆಫ್ ದಿ ಸೀಸ್’ ಹಡಗಿಗೆ ಬಂದು ಮುಟ್ಟಿತು. ಈ ಬೆಳವಣಿಗೆಯಲ್ಲಿ ದುರಂತಗಳು ಕಲಿಸಿದ ಪಾಠಗಳಿವೆ. 1912ರಲ್ಲಿ ಟೈಟಾನಿಕ್ ಮುಳುಗಿದ ಎರಡು ವರ್ಷಕ್ಕೆ ಸಮುದ್ರದ ಮೇಲೆ ಜೀವರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದ ಬಂತು. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಮಗುಚಿದ ಮೇಲೆ, ಹಡಗು ಹೊರಡುವ ಮೊದಲೇ ಇಲ್ಲವೇ ಹೊರಟ ಕೂಡಲೇ ಪ್ರತಿ ಪ್ರಯಾಣಿಕನಿಗೂ ಜೀವರಕ್ಷಕ ಕವಚ ತೊಡುವುದನ್ನೂ ಕೂಡಬೇಕಾದ ಸ್ಥಳವನ್ನೂ ತೋರಿಸುವುದು ಕಡ್ಡಾಯವಾಯಿತು.

ಅಣೆಕಟ್ಟು, ಸೇತುವೆ, ಪ್ರವಾಸಿಗರು

ಆನೆಗೊಂದಿಯ ಅಂಬಿಗರ ಬದುಕನ್ನು 20ನೇ ಶತಮಾನ ಎರಡು ಕಡೆಯಿಂದ ಬದಲಿಸಿತು. ಮೊದಲು ಅಣೆಕಟ್ಟು. 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿದ್ದ ತುಂಗಭದ್ರಾ ಜಲಾಶಯ 1953ರಲ್ಲಿ ನೀರು ಕೊಡತೊಡಗಿತು. ಎಡದಂಡೆಯ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಹಿನ್ನೀರಿನಲ್ಲಿ ಹತ್ತಾರು ಹಳ್ಳಿಗಳು ಮುಳುಗಿದವು. ಊರಿದ್ದ ಜಾಗದ ಮೇಲೆ ಮೀನುಗಾರರ ಹರಿಗೋಲುಗಳು ಓಡಾಡಿದವು. ಅಣೆಕಟ್ಟಿನ ಕೆಳಗೆ ಹೊಳೆಯ ಲಯ ಬದಲಾಯಿತು. ಹಿಂದೆ ಮೋಡ, ಗಾಳಿ, ನೀರಿನ ಬಣ್ಣ ನೋಡಿ ಪ್ರವಾಹ ಗುರುತಿಸುತ್ತಿದ್ದ ಅಂಬಿಗ ಈಗ ಎಷ್ಟು ಗೇಟು ತೆಗೆದಿದ್ದಾರೆಂದು ಕೇಳಿ ತಿಳಿಯಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ, ಕೆಳಗಿನ ಊರುಗಳು ಈ ಅವಲಂಬನೆಯನ್ನು ಮತ್ತೊಮ್ಮೆ ಅರಿತವು.

ಎರಡನೆಯದು ಸೇತುವೆ. ತಳವಾರಘಟ್ಟ ಮತ್ತು ಆನೆಗೊಂದಿಯ ನಡುವೆ ಸೇತುವೆ ಬೇಕೆಂಬುದು ಜನರ ನ್ಯಾಯವಾದ ಬೇಡಿಕೆಯಾಗಿತ್ತು. ಆಸ್ಪತ್ರೆಗೆ, ಶಾಲೆಗೆ, ಸಂತೆಗೆ ಹೋಗುವವರು ಹತ್ತಾರು ಕಿಲೋಮೀಟರ್ ಸುತ್ತು ಹಾಕಬೇಕಿತ್ತು, ಇಲ್ಲವೇ ಹರಿಗೋಲನ್ನೇ ನಂಬಬೇಕಿತ್ತು. 1990ರ ದಶಕದಲ್ಲಿ ಕೆಲಸ ಶುರುವಾಯಿತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದ ಹಂಪಿಯನ್ನು ಈ ನಿರ್ಮಾಣದ ಕಾರಣಕ್ಕೆ ಯುನೆಸ್ಕೊ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. ನಿಂತು ನಿಂತು ಸಾಗಿದ ಸೇತುವೆ ಮುಗಿಯುವ ಹಂತದಲ್ಲಿದ್ದಾಗ, 2009ರ ಜನವರಿ 22ರಂದು ಕುಸಿದು ಬಿತ್ತು. ಕಾರ್ಮಿಕರು ಪ್ರಾಣ ಕಳೆದುಕೊಂಡರು. ಮತ್ತೆ ಹರಿಗೋಲುಗಳೇ ಜನರನ್ನು ದಾಟಿಸಿದವು. ಮುಂದೆ ಹೊಳೆಯ ಕೆಳಭಾಗದಲ್ಲಿ ಕಡೆಬಾಗಿಲು-ಬುಕ್ಕಸಾಗರ ನಡುವೆ ಸೇತುವೆಯಾದ ಮೇಲೆ ಬಸ್ಸು, ಕಾರು, ಟ್ರ್ಯಾಕ್ಟರು ಅತ್ತ ತಿರುಗಿದವು. ಊರವರನ್ನು ದಿನನಿತ್ಯ ದಾಟಿಸುವ ಕೆಲಸ ಅಂಬಿಗರ ಕೈಬಿಟ್ಟಿತು.

ಉಳಿದದ್ದು ಪ್ರವಾಸಿಗರು. ವಿರೂಪಾಪುರಗಡ್ಡೆಯಲ್ಲಿ ವಿದೇಶಿಯರ ವಾಸ್ತವ್ಯ, ರೆಸಾರ್ಟುಗಳು ಬೆಳೆದಂತೆ ದೋಣಿಗೆ ಹೊಸ ಗಿರಾಕಿಗಳು ಬಂದರು. 2019ರ ಆಗಸ್ಟ್ ಪ್ರವಾಹದಲ್ಲಿ ಗಡ್ಡೆಯಲ್ಲಿ ಸಿಲುಕಿದ ಪ್ರವಾಸಿಗರನ್ನು ಪಾರುಮಾಡಲು ಹೆಲಿಕಾಪ್ಟರ್ ಬರಬೇಕಾಯಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಅಲ್ಲಿನ ರೆಸಾರ್ಟುಗಳನ್ನು ಕೆಡವಲಾಯಿತು. ಈಗ ವಿಹಾರದ ಹರಿಗೋಲುಗಳು ಸಾಣಾಪುರದ ಕೆರೆಯಲ್ಲೂ ಹೊಳೆಯ ಶಾಂತ ಮಡುಗಳಲ್ಲೂ ಕಾಣಸಿಗುತ್ತವೆ. ಒಂದು ಕಾಲಕ್ಕೆ ತಪ್ಪಿಸಬೇಕಾಗಿದ್ದ ಸುತ್ತಾಟವನ್ನೇ ಇಂದು ಪ್ರವಾಸಿಗರು ದುಡ್ಡು ಕೊಟ್ಟು ಕೇಳುತ್ತಾರೆ. ಅಂಬಿಗ ಒಂದೇ ಕಡೆ ಹುಟ್ಟು ಹಾಕಿ ದೋಣಿಯನ್ನು ಗಿರಗಿರನೆ ತಿರುಗಿಸುತ್ತಾನೆ. ಬಂಡೆಗಳ ನಡುವೆ ನೀರುನಾಯಿ ಕಂಡರೆ ಅದೃಷ್ಟ. ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ.

ಉಳಿಸಬೇಕಾದದ್ದು

ದೋಣಿಯ ಬಗೆಗಿನ ಪ್ರೀತಿ ಅದರ ಅಪಾಯವನ್ನು ಮರೆಮಾಡಬಾರದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ, ಇಡೀ ಕುಟುಂಬಗಳೇ ನೀರುಪಾಲಾದವು. 2020ರ ಆಗಸ್ಟ್‌ನಲ್ಲಿ ರಾಯಚೂರಿನ ಬಳಿ ಕೃಷ್ಣೆಯ ಪ್ರವಾಹದಲ್ಲಿ ಹರಿಗೋಲು ಮಗುಚಿ ಜನ ಕೊಚ್ಚಿಹೋದರು. ಒಳನಾಡಿನ ದೋಣಿಗಳಿಗೆ ಹೊಸ ಕಾನೂನು 2021ರಲ್ಲಿ ಬಂದಿದೆ. ಆದರೆ ಬಿದಿರಿನ ಹರಿಗೋಲಿನ ಮಟ್ಟಿಗೆ ಜೀವ ಉಳಿಸುವುದು ಘಟ್ಟದಲ್ಲಿ ಪಾಲಿಸುವ ಶಿಸ್ತೇ: ಎಷ್ಟು ಜನ ಹತ್ತಬೇಕು, ಜೀವರಕ್ಷಕ ಜಾಕೆಟ್ ತೊಟ್ಟಿದ್ದಾರೆಯೇ, ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆ, ಅಂಬಿಗ ಕುಡಿದಿಲ್ಲವಲ್ಲ.

ಆನೆಗೊಂದಿಯಲ್ಲಿ ಅಂಬಿಗ ಕಸುಬು ನಡೆಸುವ ಗಂಗಾಮತಸ್ಥ ಕುಟುಂಬಗಳ ಕೈಯಲ್ಲಿರುವ ಜ್ಞಾನವನ್ನು ಯಾವ ವಸ್ತುಸಂಗ್ರಹಾಲಯವೂ ಗಾಜಿನೊಳಗಿಟ್ಟು ಉಳಿಸಲಾರದು. ಹೊಳೆಯ ಯಾವ ಮಡುವಿನಲ್ಲಿ ಸುಳಿಯಿದೆ, ಯಾವ ಬಂಡೆ ಯಾವ ತಿಂಗಳಲ್ಲಿ ಮುಳುಗುತ್ತದೆ, ದಬ್ಬೆ ಯಾವ ಹದಕ್ಕೆ ಬಾಗುತ್ತದೆ ಎಂಬುದು ಹುಟ್ಟು ಹಾಕುತ್ತಲೇ ಬರುವ ತಿಳಿವಳಿಕೆ. ಕೆಲಸವಿದ್ದರೆ ಮಾತ್ರ ಅದು ಮುಂದಿನವರಿಗೆ ದಾಟುತ್ತದೆ. ಕೊಪ್ಪಳ ಮತ್ತು ಹೊಳೆಯಾಚೆಯ ವಿಜಯನಗರ ಜಿಲ್ಲಾಡಳಿತಗಳು ಒಟ್ಟಾಗಿ ಅಂಬಿಗರನ್ನು ನೋಂದಾಯಿಸಿ, ಜೀವರಕ್ಷಣೆಯ ತರಬೇತಿ, ವಿಮೆ, ಪ್ರತಿ ದೋಣಿಗೂ ಜಾಕೆಟ್ ಕೊಟ್ಟು, ನಿಗದಿತ ಘಟ್ಟಗಳಲ್ಲಿ ನಿಗದಿತ ದರಕ್ಕೆ ಹರಿಗೋಲು ನಡೆಸಲು ಅವಕಾಶ ಮಾಡಬೇಕು. ಹಂಪಿಯ ಗುಡಿಗೋಪುರಗಳಿಗೆ ಸಿಗುವ ಕಾಳಜಿಯ ಸ್ವಲ್ಪ ಪಾಲು, ಆ ಗುಡಿಗಳಿಗೆ ಐದು ಶತಮಾನ ಜನರನ್ನು ಮುಟ್ಟಿಸಿದ ಕಸುಬಿಗೂ ಸಲ್ಲಬೇಕು.

ಹಡಗು ಹತ್ತುವ ಯೋಗ ಬಂದವರು ಸಂತೋಷವಾಗಿ ಹೋಗಿಬರಲಿ. ಅದಕ್ಕೂ ಮೊದಲು ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಕುಟುಂಬಗಳು ಒಂದು ದಿನ ಬುತ್ತಿ ಕಟ್ಟಿಕೊಂಡು ಆನೆಗೊಂದಿಗೆ ಬರಬೇಕು. ಮಳೆಗಾಲ ಮುಗಿದು ಹೊಳೆ ತಿಳಿಯಾದ ನವೆಂಬರ್‌ನಿಂದ ಫೆಬ್ರವರಿ ಇದಕ್ಕೆ ಒಳ್ಳೆಯ ಕಾಲ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಿರುವ ದಿನ ಬೇಡ. ಮಕ್ಕಳಿಗೆ ಅಳತೆಯ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ, ದರದ ಚೌಕಾಶಿಗೆ ಹೆಚ್ಚು ಜನ ತುಂಬಿಸಿಕೊಳ್ಳಲು ಒತ್ತಾಯಿಸಬೇಡಿ, ಅಂಬಿಗ ಕೂರಿಸಿದ ಜಾಗದಿಂದ ಏಳಬೇಡಿ. ದಡಕ್ಕೆ ಬಂದ ಮೇಲೆ ಈ ಕೆಲಸ ಯಾರಿಂದ ಕಲಿತಿರಿ ಎಂದು ಅವನನ್ನು ಕೇಳಿ, ಅವನು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಪಾಯೆಸ್ ಹರಿಗೋಲನ್ನು ವರ್ಣಿಸಿದ, ಆದರೆ ಅದನ್ನು ನಡೆಸಿದವರ ಹೆಸರು ಬರೆಯಲಿಲ್ಲ. ಆ ಕೆಲಸ ಈ ಸೀಮೆಯವರಿಗೇ ಉಳಿದಿದೆ.